ಏರ್ ಪಂಪ್ ಓಡುತ್ತಿದ್ದರೂ ಮೀನು ಬಾಯಿ ಬಡಿಯುವುದೇಕೆ?

ಪಂಪ್ ಹಗಲು ರಾತ್ರಿ ಓಡುತ್ತಿದೆ, ನೀರು ತಿಳಿಯಾಗಿದೆ, ಆದರೂ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆ ಅಂತ ಕೇಳಿದ್ದೀರಿ. ಟ್ಯಾಂಕ್ ಇಟ್ಟು ಮೂರು ವಾರ ಆಯಿತು ಅಂತಲೂ ಬರೆದಿದ್ದೀರಿ. ನನ್ನ ಅನುಮಾನ ನೈಟ್ರೈಟ್ ಮೇಲೆ. ಸುಮ್ನೆ ಇನ್ನೊಂದು ಪಂಪ್ ತರಬೇಡಿ.

ಮೀನು ತನ್ನ ಮೈಯ ಅಮೋನಿಯಾವನ್ನು ಹೆಚ್ಚಾಗಿ ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೆ, ಹೊಸ ಟ್ಯಾಂಕಿನಲ್ಲಿ ಅವು ಬೆಳೆಯುವುದು ನಿಧಾನ. ಅಲ್ಲಿಯವರೆಗೆ ನೈಟ್ರೈಟ್ ಏರುತ್ತಲೇ ಇರುತ್ತದೆ. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸಿಹಿನೀರಿನ ಮೀನಿನ ಮೈಯಿಂದ ಉಪ್ಪಿನಂಶ ಸದಾ ಸೋರುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಕಿವಿರಿನ ಕೆಲವು ಕೋಶಗಳು ನೀರಿನಿಂದ ಕ್ಲೋರೈಡ್ ಎಳೆದುಕೊಳ್ಳುತ್ತವೆ. ನೈಟ್ರೈಟ್ ನುಸುಳುವುದೂ ಅದೇ ದಾರಿಯಲ್ಲಿ. ಒಳಗೆ ಹೋಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಮೆಥೆಮೋಗ್ಲೋಬಿನ್ ಮಾಡಿಬಿಡುತ್ತದೆ. ಅದು ಆಮ್ಲಜನಕ ಹೊರುವುದಿಲ್ಲ. ನೀರಿನಲ್ಲಿ ಎಷ್ಟು ಗಾಳಿ ಇದ್ದರೇನು, ರಕ್ತ ಹಿಡಿದುಕೊಳ್ಳಬೇಕಲ್ವಾ? ಸತ್ತ ಮೀನಿದ್ದರೆ ತಕ್ಷಣ ಕಿವಿರು ಎತ್ತಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟಿನ ಅನುಮಾನ ಗಟ್ಟಿ. ಬದುಕಿರುವುದನ್ನು ಹಿಡಿದು ಹಿಂಸೆ ಮಾಡಬೇಡಿ, ಟೆಸ್ಟ್ ಕಿಟ್ ಸಾಕು.

ಈಗಲೇ ಕಾಲುಭಾಗದಿಂದ ಅರ್ಧದಷ್ಟು ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರೇ ಆಗಬೇಕು. ಆಮೇಲೆ 100 ಲೀಟರಿಗೆ 10 ಗ್ರಾಂ ಅಡುಗೆ ಉಪ್ಪು ಕರಗಿಸಿ ಹಾಕಿ. ಕ್ಲೋರೈಡ್ ಜಾಸ್ತಿ ಆದರೆ ನೈಟ್ರೈಟಿಗೆ ಒಳಗೆ ನುಗ್ಗಲು ಜಾಗ ಸಿಗುವುದಿಲ್ಲ. ಎಪ್ಸಮ್ ಉಪ್ಪಿನಿಂದ ಈ ಕೆಲಸ ಆಗದು, ಅದರಲ್ಲಿ ಕ್ಲೋರೈಡೇ ಇಲ್ಲ. ಒಂದೆರಡು ದಿನ ಮೇವು ನಿಲ್ಲಿಸಿ. ನೀರು ಸರಿಹೋದರೆ ರಕ್ತವೂ ತಾನಾಗಿ ಸುಧಾರಿಸುತ್ತದೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಅಡುಗೆ ಸೋಡಾ ಹಾಕಿ ಅಂದಿದ್ದಾರೆ. ಸೋಡಾ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುತ್ತದೆ, ಅಮೋನಿಯಾ ಅಳೆಯದೆ ದಯವಿಟ್ಟು ಬೇಡ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷದ ರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇ. 5. ಆ ವಿಷದ ರೂಪ ಕಿವಿರಿನ ತೆಳು ಪದರಗಳನ್ನೇ ದಪ್ಪಗಾಗಿಸುತ್ತದೆ, ಉಸಿರಾಟ ಇನ್ನೂ ಕಷ್ಟ.

ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದೀರಾ? ನಾನು ಒಮ್ಮೆ ಫಳಫಳ ಹೊಳೆಯುವಂತೆ ತೊಳೆದು, ಬ್ಯಾಕ್ಟೀರಿಯಾ ಕೊಂದು, ವಾರದಲ್ಲಿ ಇದೇ ಗೋಳು ಅನುಭವಿಸಿದ್ದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ಅಮೋನಿಯಾ, ನೈಟ್ರೈಟ್, ಪಿಎಚ್ ಮೂರೂ ಅಳೆದು ಇಲ್ಲಿ ಹಾಕಿ, ನೋಡೋಣ.