ಪದಮೂಲ: ಅಡಿಕೆ ‘ಅರೆಕಾ’ ಆದ ದಾರಿ

ಪ್ರಶ್ನೆ: ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ ನಟ್’, ‘ಬೀಟಲ್ ನಟ್’ ಎಂಬ ಎರಡು ಹೆಸರುಗಳಿವೆ. ‘ಅರೆಕಾ’ ನಮ್ಮ ‘ಅಡಿಕೆ’ಯಿಂದಲೇ ಹುಟ್ಟಿದ್ದು ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ಇದು ನಿಜವೇ? ಎರಡರಲ್ಲಿ ಯಾವ ಹೆಸರು ಸರಿ?
(ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು)

ಉತ್ತರ: ಹಿರಿಯರ ಮಾತು ಬಹುಮಟ್ಟಿಗೆ ನಿಜ, ಪದ ಸಾಗಿದ ದಾರಿಯನ್ನು ಮಾತ್ರ ಸ್ವಲ್ಪ ತಿದ್ದಿಕೊಳ್ಳಬೇಕು. ಇಂಗ್ಲಿಷರಿಗೆ ಈ ಪದ ಸಿಕ್ಕಿದ್ದು ಪೋರ್ಚುಗೀಸರಿಂದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ವ್ಯಾಪಾರ ಮೊದಲು ನೆಲೆಯೂರಿದ್ದು ಮಲಬಾರಿನ ಕರಾವಳಿಯಲ್ಲಾದ್ದರಿಂದ, ಅವರು ಕೇಳಿ ಬರೆದುಕೊಂಡದ್ದು ಮಲಯಾಳದ ‘ಅಡಯ್ಕ’ ಎಂಬ ರೂಪವನ್ನು ಎಂದು ನಿಘಂಟುಗಳು ಸಾಮಾನ್ಯವಾಗಿ ಹೇಳುತ್ತವೆ. ಆದರೆ ಮಲಯಾಳದ ಅಡಯ್ಕ, ತಮಿಳಿನ ಅಡೈಕ್ಕಾಯ್, ಕನ್ನಡದ ಅಡಿಕೆ ಇವು ಒಂದೇ ಬೇರಿನ ಪದಗಳು. ಡಕಾರ ರಕಾರವಾದದ್ದು ಹೇಗೆಂಬುದನ್ನು ತಾವೇ ಪರೀಕ್ಷಿಸಬಹುದು. ‘ಅಡಿಕೆ’ ಎಂದು ಬೇಗಬೇಗನೆ ನಾಲ್ಕಾರು ಸಲ ಹೇಳಿದರೆ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳನ್ನು ಒಂದು ಕ್ಷಣ ತಟ್ಟಿ ಬಿಡುವುದು ಗೊತ್ತಾಗುತ್ತದೆ. ಅಂಥ ಡಕಾರವಿಲ್ಲದ ಪೋರ್ಚುಗೀಸ್ ಕಿವಿಗೆ ಅದು ರಕಾರವಾಗಿಯೇ ಕೇಳಿಸಿತು.

‘ಬೀಟಲ್’ ಕೂಡ ಪೋರ್ಚುಗೀಸರ ಮೂಲಕವೇ ಹೋದ ಪದ. ಅದರ ಮೂಲ ಮಲಯಾಳದ ‘ವೆಟ್ಟಿಲ’, ಎಂದರೆ ವೀಳ್ಯದೆಲೆ. ಎಲೆಯ ಹೆಸರು ಕಾಯಿಗೆ ಹತ್ತಿಕೊಂಡದ್ದು ಎರಡನ್ನೂ ಒಟ್ಟಿಗೆ ಮೆಲ್ಲುವುದನ್ನು ಕಂಡ ಪರದೇಶಿಗಳ ಗೊಂದಲದಿಂದ. ಅಡಿಕೆ ತಾಳೆಯ ಕುಟುಂಬದ ಮರ. ವೀಳ್ಯದೆಲೆಯ ಬಳ್ಳಿ ಕಾಳುಮೆಣಸಿನ ಹತ್ತಿರದ ಸಂಬಂಧಿ. ನಮ್ಮ ತೋಟಗಳಲ್ಲಿ ಆ ಬಳ್ಳಿಯನ್ನು ಅಡಿಕೆ ಮರಕ್ಕೇ ಹಬ್ಬಿಸುವುದುಂಟು, ನೆಂಟರ ಮುಂದಿಡುವ ಕವಳದ ಹರಿವಾಣದಲ್ಲಿ ಎಲೆ, ಅಡಿಕೆ ಎರಡೂ ಇರುತ್ತವೆ. ಹಾಗೆಂದು ಮಲೆನಾಡಿನ ಮಗು ಕೂಡ ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುವುದಿಲ್ಲ. ಆದ್ದರಿಂದ ಬೆಳೆಗಾರರು ಇಂಗ್ಲಿಷಿನಲ್ಲಿ ಬರೆಯುವಾಗ ‘ಅರೆಕಾ ನಟ್’ ಎಂದೇ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ‘ಅರೆಕಾ ಕಟೇಚು’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಎರಡನೆಯ ಪದವೂ ನಮಗೆ ಹೊಸದಲ್ಲ. ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆದು, ಎಲೆಯಡಿಕೆಯೊಂದಿಗೆ ಹಾಕಿಕೊಳ್ಳುವ ‘ಕಾಚು’ ಮಲಯ ಭಾಷೆಯ ‘ಕಚು’ ಎಂಬ ರೂಪದ ಮೂಲಕ ಲ್ಯಾಟಿನ್ನಿಗೆ ಹೋಗಿ ‘ಕಟೇಚು’ ಆಗಿದೆ ಎಂದು ನಿಘಂಟುಕಾರರು ಭಾವಿಸುತ್ತಾರೆ.

ಪ್ರಶ್ನೆ: ಮೊದಲ ಮಳೆಯ ಮಣ್ಣಿನ ವಾಸನೆಗೆ ‘ಪೆಟ್ರಿಕೋರ್’ ಎನ್ನುತ್ತಾರಂತೆ. ಇದು ಪ್ರಾಚೀನ ಗ್ರೀಕ್ ಪದವೇ?
(ಆಗುಂಬೆಯ ಶಿಕ್ಷಕಿಯೊಬ್ಬರು)

ಉತ್ತರ: ಬೇರುಗಳು ಪ್ರಾಚೀನ, ಪದ ಹೊಸದು. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದರಲ್ಲಿ ಇದನ್ನು ಕಟ್ಟಿದರು. ‘ಪೆಟ್ರಾ’ ಎಂದರೆ ಕಲ್ಲು. ‘ಇಕೋರ್’ ಎಂದರೆ ಗ್ರೀಕ್ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಒಣಹವೆಯ ದಿನಗಳಲ್ಲಿ ಮಣ್ಣು ಮತ್ತು ಕಲ್ಲುಗಳಲ್ಲಿ ಸೇರಿಕೊಳ್ಳುವ ಒಂದು ಬಗೆಯ ಎಣ್ಣೆಯು ತೇವ ತಾಗಿದಾಗ ಈ ವಾಸನೆಯನ್ನು ಬಿಡುತ್ತದೆಂದು ಅವರು ತೋರಿಸಿದರು. ತಮ್ಮ ಊರಿನಲ್ಲಿ ಬೇಸಿಗೆಯ ಕೊನೆಯ ಮಳೆಗೆ ಬರುವ ಈ ವಾಸನೆ ಜಡಿಮಳೆಯ ಆಷಾಢದಲ್ಲಿ ಬಾರದಿರುವುದಕ್ಕೆ ಕಾರಣವೂ ಇದರಲ್ಲಿಯೇ ಇದೆ.

ಪ್ರಶ್ನೆ: ಹಳೆಯ ಇಂಗ್ಲಿಷ್ ಪದ್ಯವೊಂದರಲ್ಲಿ ವೈದ್ಯನನ್ನು ‘ಲೀಚ್’ ಎಂದು ಕರೆದಿದೆ. ಕಾಲಿಗೆ ಹತ್ತುವ ಇಂಬಳದ ಹೆಸರನ್ನು ವೈದ್ಯನಿಗೆ ಇಟ್ಟದ್ದು ನಿಂದೆಗಾಗಿಯೇ?
(ಹೊಸನಗರದ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಂದೆಯ ಲವಲೇಶವೂ ಅದರಲ್ಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ವೈದ್ಯನಿಗೆ ‘ಲೇಚೆ’ ಎಂಬುದೇ ಗೌರವದ, ನಿತ್ಯಬಳಕೆಯ ಪದವಾಗಿತ್ತು. ಅದರ ಬಂಧುವಾದ ಸ್ವೀಡಿಷ್ ಪದ ‘ಲೇಕರೆ’ಗೆ ಇಂದಿಗೂ ವೈದ್ಯನೆಂದೇ ಅರ್ಥ. ವೈದ್ಯವಿದ್ಯೆಗೆ ‘ಲೀಚ್‌ಕ್ರಾಫ್ಟ್’ ಎಂದೂ ಉಂಗುರದ ಬೆರಳಿಗೆ ‘ಲೀಚ್ ಬೆರಳು’ ಎಂದೂ ಹೆಸರಿತ್ತು. ಕೆಟ್ಟ ರಕ್ತವನ್ನು ತೆಗೆಯಲು ವೈದ್ಯರು ಬಳಸುತ್ತಿದ್ದ ಹುಳುವಿಗೂ ಇದೇ ರೂಪ. ಗುಣಪಡಿಸುವುದರಿಂದ ಹುಳುವಿಗೆ ವೈದ್ಯನ ಹೆಸರು ಬಂತೆಂದು ಕೆಲವರೂ, ಬೇರೆಬೇರೆಯಾಗಿದ್ದ ಎರಡು ಪದಗಳು ಕಾಲಕ್ರಮದಲ್ಲಿ ಒಂದಾದವೆಂದು ಇನ್ನು ಕೆಲವರೂ ವಾದಿಸುತ್ತಾರೆ. ಮುಂದೆ ಫ್ರೆಂಚ್ ಮೂಲದ ‘ಫಿಸಿಶಿಯನ್’, ಲ್ಯಾಟಿನ್ನಿನಲ್ಲಿ ಕಲಿಸುವವನೆಂಬ ಅರ್ಥವಿದ್ದ ‘ಡಾಕ್ಟರ್’ ಇವು ವೈದ್ಯನ ಸ್ಥಾನವನ್ನು ಹಿಡಿದವು. ‘ಲೀಚ್’ ಹುಳುವಿಗಷ್ಟೇ ಉಳಿಯಿತು. ಚಿಕಿತ್ಸೆಗೆ ಬಳಸುತ್ತಿದ್ದದ್ದು ನೀರಿನ ಜಿಗಣೆ, ಸುಶ್ರುತ ಸಂಹಿತೆ ‘ಜಲೌಕಾ’ ಎಂದು ವರ್ಣಿಸುವುದೂ ಅದನ್ನೇ. ನಾವು ಸುಣ್ಣ, ಹೊಗೆಸೊಪ್ಪು ಹಚ್ಚಿ ದೂರವಿಡುವ ಇಂಬಳ ನೆಲದ ಮೇಲಿನದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಅನುವಾದಿಸುವವರು ಎಚ್ಚರ ವಹಿಸಬೇಕು.

ಪ್ರಶ್ನೆ: ಕಾಡುನಾಯಿಯ ಇಂಗ್ಲಿಷ್ ಹೆಸರು ‘ಢೋಲ್’ ಕನ್ನಡದ ‘ತೋಳ’ದಿಂದ ಬಂದಿದೆಯೇ? ಶಿವಮೊಗ್ಗ ಜಿಲ್ಲೆಯಿಂದಲೇ ಇಂಗ್ಲಿಷಿಗೆ ಹೋದ ಪದ ಯಾವುದಾದರೂ ಇದೆಯೇ?
(ಭದ್ರಾವತಿಯ ಓದುಗರು)

ಉತ್ತರ: ಕೆಲವು ನಿಘಂಟುಗಳು ಹಾಗೆ ಸೂಚಿಸುತ್ತವೆ, ಆದರೆ ‘ಬಹುಶಃ’ ಎಂಬ ಮಾತನ್ನು ಸೇರಿಸಿ. ನಮ್ಮ ಜನ ಆ ಪ್ರಾಣಿಯನ್ನು ಕಾಡುನಾಯಿ, ಸೀಳುನಾಯಿ ಎನ್ನುತ್ತಾರೆ. ತೋಳವೇ ಬೇರೆ, ಅದು ಬಯಲುಸೀಮೆಯ ಕುರುಬರಿಗೆ ಚಿರಪರಿಚಿತ. ಅಡಿಕೆಯ ವಿಷಯದಲ್ಲಿ ಸರಕು, ಸಾಗಿಸಿದವರು, ಉಚ್ಚಾರಣೆ ಬದಲಾದ ರೀತಿ ಮೂರೂ ಕಣ್ಣಿಗೆ ಕಾಣುತ್ತವೆ. ಇಲ್ಲಿ ಇರುವುದು ಧ್ವನಿಯ ಹೋಲಿಕೆ ಮಾತ್ರ. ಅಷ್ಟರಿಂದಲೇ ಇದನ್ನು ಕನ್ನಡದ ಪದವೆಂದು ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ಪ್ರಶ್ನೆಗೆ ಸಂಶಯವಿಲ್ಲದ ಉತ್ತರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರಕ್ಕೆ ತುತ್ತಾದಾಗ, ಉಣ್ಣೆಯ ಕಡಿತದಿಂದ ಹರಡುವ ಹೊಸ ವೈರಾಣುವೊಂದು ಪತ್ತೆಯಾಯಿತು. ನಾವು ಮಂಗನ ಕಾಯಿಲೆ ಎನ್ನುವ ಈ ರೋಗವನ್ನು ಜಗತ್ತಿನ ವೈದ್ಯಕೀಯ ಗ್ರಂಥಗಳು ಅಂದಿನಿಂದ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂದೇ ಕರೆಯುತ್ತಿವೆ.