ಊರಲ್ಲಿ ಎಚ್‌ಐವಿ ತಪಾಸಣೆ ಇಡುವುದು ಹೇಗೆ?

ಪ್ರಶ್ನೆ: ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ನಮ್ಮ ಸ್ತ್ರೀಶಕ್ತಿ ಸಂಘದಿಂದ ಊರಲ್ಲಿ ಎಚ್‌ಐವಿ ತಪಾಸಣೆ ಶಿಬಿರ ಇಡಬೇಕೆಂದಿದ್ದೇವೆ. ‘ಮರ್ಯಾದಿ ಇರೋ ಊರಿಗೆ ಇದ್ಯಾಕ ಬೇಕು’ ಎಂದು ಹಿರಿಯರು ತಕರಾರು ತೆಗೆದಿದ್ದಾರೆ. ಯಾರಿಗಾದರೂ ಪಾಸಿಟಿವ್ ಬಂದರೆ ಊರಿಗೆಲ್ಲ ಗೊತ್ತಾದೀತೆಂಬ ಅಂಜಿಕೆ ನಮಗೂ ಇದೆ. ಏನು ಮಾಡೋಣ?
– ಸಂಘದ ಸದಸ್ಯೆ, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಅಂಜಿಕೆಯಲ್ಲಿ ಅರ್ಥವಿದೆ. ಅದನ್ನೇ ಮುಂದಿಟ್ಟುಕೊಂಡು ಶಿಬಿರದ ತಯಾರಿ ಮಾಡಿ. ಬರೀ ಎಚ್‌ಐವಿ ಶಿಬಿರವೆಂದು ಬ್ಯಾನರ್ ಕಟ್ಟಿದರೆ ಸಾಲಲ್ಲಿ ನಿಂತವರ ಮೇಲೆಲ್ಲ ಊರಿನ ಕಣ್ಣು ಬೀಳುತ್ತದೆ. ಪರೀಕ್ಷೆ ಬೇಕಾದವರೇ ಅತ್ತ ಸುಳಿಯುವುದಿಲ್ಲ. ಬಿಪಿ, ಶುಗರ್, ಕ್ಷಯದ ತಪಾಸಣೆಯ ಜೊತೆಗೆ ಇದನ್ನೂ ಸೇರಿಸಿ. ಆದರೆ ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆಯುತ್ತಿದ್ದೇವೆಂದು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿ, ಒಪ್ಪಿಗೆ ಪಡೆಯಲೇಬೇಕು. 2017ರ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಬೇಡವೆಂದವರನ್ನು ಬಿಟ್ಟುಬಿಡಿ.

ಪರೀಕ್ಷೆಯ ಹೊಣೆ ನೀವು ಹೊರಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿರುವ ಐಸಿಟಿಸಿಯ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತ ಸಮಾಲೋಚಕರನ್ನು ಈಗಲೇ ಕಂಡು ಮಾತಾಡಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಒದಗಿಸಿದರೆ ನಿಮ್ಮ ಕೆಲಸ ಮುಗಿಯಿತು. ಶಿಬಿರದಲ್ಲಿ ಆಗುವುದು ಮೊದಲ ಹಂತದ ಪರೀಕ್ಷೆ ಮಾತ್ರ, ಖಚಿತವಾಗುವುದು ಐಸಿಟಿಸಿಯಲ್ಲಿ. ಫಲಿತಾಂಶವನ್ನು ಸಂಘದ ಅಧ್ಯಕ್ಷೆಗಾಗಲಿ ಪಂಚಾಯಿತಿ ಸದಸ್ಯರಿಗಾಗಲಿ ತಿಳಿಸುವಂತಿಲ್ಲ. ಇನ್ನೊಂದು ಮಾತು, ಇದನ್ನು ಬಹಳ ಸಂಘಗಳು ಯೋಚಿಸುವುದೇ ಇಲ್ಲ: ಎಷ್ಟು ಜನರಿಗೆ ಪಾಸಿಟಿವ್ ಬಂತೆಂಬ ಲೆಕ್ಕವನ್ನೂ ಯಾರಿಗೂ ಕೊಡಬೇಡಿ, ಪತ್ರಿಕೆಯವರು ಕೇಳಿದರೂ ಕೊಡಬೇಡಿ. ಸಣ್ಣ ಊರಲ್ಲಿ ‘ಒಬ್ಬರಿಗೆ’ ಎಂದರೂ ಸಾಕು, ಸಂಜೆಯೊಳಗೆ ಕಟ್ಟೆಯ ಮೇಲೆ ಒಂದು ಹೆಸರು ಹುಟ್ಟಿಕೊಳ್ಳುತ್ತದೆ. ಅದು ಸುಳ್ಳಾದರೂ ಒಂದು ಮನೆ ಹಾಳಾಗುತ್ತದೆ.

ಹಿರಿಯರಿಗೆ ಒಂದು ಸಂಗತಿ ನೆನಪಿಸಿ: ಊರಿನ ಸೊಸೆಯಂದಿರು ಬಸಿರಾದಾಗ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳುತ್ತಲೇ ಬಂದಿದ್ದಾರೆ. ಅದರಿಂದ ಯಾವ ಊರಿನ ಮರ್ಯಾದೆಯೂ ಹೋಗಿಲ್ಲ. ಗಂಡಂದಿರು ಹಿಂದೇಟು ಹಾಕುವುದು ನ್ಯಾಯವಲ್ಲ. ಚಿಕಿತ್ಸೆ ಸಿಗದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ 15ರಿಂದ 45. ಸಮಯಕ್ಕೆ ಔಷಧಿ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿ ಸರ್ಕಾರದಿಂದ 2004ರಿಂದಲೇ ಉಚಿತ. ತಪ್ಪದೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಇದನ್ನು ಮಾತ್ರ ಮೈಕಿನಲ್ಲಿ ಗಟ್ಟಿಯಾಗಿ ಹೇಳಿ. ಎಚ್‌ಐವಿ ಬಂದರೆ ಸಾವೇ ಗತಿ ಎಂಬ ಹಳೆಯ ಭಯವೇ ಇವತ್ತಿಗೂ ಜನರನ್ನು ಪರೀಕ್ಷೆಯಿಂದ ದೂರ ಇಟ್ಟಿದೆ.

ಪ್ರಶ್ನೆ: ಕಾಂಡೋಮ್ ಇಲ್ಲದೆ ಸಂಪರ್ಕವಾಗಿ ಹತ್ತು ದಿನಕ್ಕೆ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಇಷ್ಟು ಸಾಕೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸಾಲದು. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಬೇಡ. ಮುಂದೆಂದಾದರೂ ಹೀಗಾದರೆ ದಿನ ಎಣಿಸುತ್ತ ಕೂರಬೇಡಿ: 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಿದರೆ ಸೋಂಕು ತಡೆಯಬಲ್ಲ ಮಾತ್ರೆಗಳಿವೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಅದೇ ದಿನ ಎಆರ್‌ಟಿ ಕೇಂದ್ರದ ವೈದ್ಯರನ್ನು ಕಾಣಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ಉಚಿತ.