ಪ್ಯಾಡ್ ಕೊಳ್ಳುವ ಮೊದಲು ತಕ್ಕಡಿ

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು 68. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ನಾಲ್ಕು ತಿಂಗಳ ಹಿಂದೆ ಕ್ಯಾನ್ಸರ್ ಎಂದು ಅವರ ಮೂತ್ರದ ಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದರು. ಈಗ ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ಬಾಲ್ದಿ ಎತ್ತಿದರೆ ಮೂತ್ರ ಸೋರುತ್ತದೆ. ಮಲಗಿದಾಗ ಅಷ್ಟಿಲ್ಲ. ಡಾಕ್ಟರು "ಸರಿಹೋಗುತ್ತದೆ" ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರಂತೆ. ಲೋಕಲ್ ರೈಲು ಹತ್ತುವುದು ಬಿಟ್ಟಿದ್ದಾರೆ, ಯಕ್ಷಗಾನ ಬಿಟ್ಟಿದ್ದಾರೆ, ಪೂಜೆಗೆ ಕೂರುವುದನ್ನೂ ಬಿಟ್ಟಿದ್ದಾರೆ. ಸೊಸೆಗೆ ಎಂದು ಸುಳ್ಳು ಹೇಳಿ ಮೆಡಿಕಲ್‌ನಿಂದ ಹೆಂಗಸರ ಪ್ಯಾಡ್ ತಂದು ಇಟ್ಟುಕೊಳ್ಳುತ್ತಿದ್ದಾರೆ. ಅವರ ಪ್ರಶ್ನೆ ಮೂರು. ಇದು ಎಷ್ಟು ದಿನ? ಯಾವ ಪ್ಯಾಡ್ ಒಳ್ಳೆಯದು? ಹೊರಗೆ ಹೋದಾಗ ಬದಲಿಸಿದ್ದನ್ನು ಎಲ್ಲಿ ಹಾಕುವುದು? ಕೊನೆಗೆ ಒಂದು ಸಾಲು: "ಇಂಥದ್ದನ್ನು ಛಾಪಿಸಲು ಆಗದಿದ್ದರೆ ಹರಿದು ಹಾಕಿ."

ಸಂಪಾದಕರ ಉತ್ತರ:

ಹರಿದು ಹಾಕಿಲ್ಲ ಸ್ವಾಮಿ. ಎರಡು ಸಲ ಓದಿದೆ. ನಾಲ್ಕು ಪುಟದಲ್ಲಿ ಒಂಬತ್ತು ಕಡೆ "ಆ ತೊಂದರೆ" ಎಂದು ಬರೆದಿದ್ದೀರಿ, ಒಂದು ಕಡೆಯೂ ಅದರ ಹೆಸರು ಹೇಳಿಲ್ಲ. ತಪ್ಪು ನಿಮ್ಮದಲ್ಲ. ಮೂತ್ರ ಎಂದರೆ ಆಸ್ಪತ್ರೆ ನೆನಪಾಗುತ್ತದೆ. ಉಚ್ಚೆ ಎಂದರೆ ತೊಟ್ಟಿಲ ಮಗು ನೆನಪಾಗುತ್ತದೆ. ಶಾಲೆಯಲ್ಲಿ "ಒಂದಕ್ಕೆ" ಎಂದು ಬೆರಳು ಎತ್ತುತ್ತಿದ್ದೆವು. ದೊಡ್ಡ ಗಂಡಸಿಗೆ ಹೇಳಿಕೊಳ್ಳಲು ಒಂದು ಪದ ಉಳಿದಿಲ್ಲ. ನಾನು ಸುಮ್ನೆ "ಸೋರುವುದು" ಎನ್ನುತ್ತೇನೆ. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಸೋರದ ಮನೆ ಯಾವುದಿದೆ?

ನಾನು ಡಾಕ್ಟರಲ್ಲ. ಬರೆದದ್ದನ್ನು ಪರಿಚಯದ ಒಬ್ಬ ಯುರಾಲಜಿಸ್ಟ್‌ಗೆ, ಅಂದರೆ ಮೂತ್ರರೋಗದ ಡಾಕ್ಟರಿಗೆ, ಓದಿ ಹೇಳಿ, ಅವರು ತಿದ್ದಿದ ಮೇಲೆ ಅಚ್ಚಿಗೆ ಕೊಟ್ಟಿದ್ದೇನೆ.

ಮೊದಲು, ಯಾಕೆ ಸೋರುತ್ತಿದೆ ಎಂಬುದು. ಮೂತ್ರದ ಚೀಲಕ್ಕೆ ಇಬ್ಬರು ವಾಚ್‌ಮನ್ ಎಂದು ಇಟ್ಟುಕೊಳ್ಳಿ. ಒಬ್ಬ ಮೇಲೆ, ಚೀಲದ ಕತ್ತಿನಲ್ಲಿ. ಇವನು ನಾವು ಹೇಳದೆಯೇ ಕೆಲಸ ಮಾಡುತ್ತಾನೆ. ಇನ್ನೊಬ್ಬ ಕೆಳಗೆ, ಪ್ರಾಸ್ಟೇಟ್‌ನ ಬುಡದಲ್ಲಿ. ಇವನು ನಮ್ಮ ಮಾತು ಕೇಳುವವನು. ಬಸ್ಸು ನಿಲ್ಲುವವರೆಗೆ ತಡೆದುಕೊಳ್ಳುತ್ತೀರಲ್ಲ, ಅದು ಇವನ ಕೆಲಸ. ಗ್ರಂಥಿ ತೆಗೆಯುವಾಗ ಮೇಲಿನವನಿಗೆ ಏಟು ಬೀಳುತ್ತದೆ. ಅಲ್ಲಿಂದ ಹಗಲು ರಾತ್ರಿ ಎರಡೂ ಪಾಳಿ ಕೆಳಗಿನವನ ಮೇಲೆ. ಕೆಮ್ಮಿದಾಗ ಹೊಟ್ಟೆ ಒತ್ತುತ್ತದೆ, ಅವನು ಸೋಲುತ್ತಾನೆ. ಮಲಗಿದಾಗ ಆ ಒತ್ತಡ ಕಡಿಮೆ, ಆದ್ದರಿಂದ ನಿಮ್ಮ ರಾತ್ರಿ ಬಹುಮಟ್ಟಿಗೆ ಒಣಗಿರುತ್ತದೆ. ಇದು ಒಳ್ಳೆಯ ಗುರುತು ಎಂದು ನನ್ನ ಪರಿಚಯದ ಆ ಡಾಕ್ಟರು ಹೇಳಿದರು.

ಎಷ್ಟು ದಿನ? ಈ ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ 3 ತಿಂಗಳಿಂದ 12 ತಿಂಗಳೊಳಗೆ ಕಡಿಮೆಯಾಗುತ್ತಾ ಬರುತ್ತದೆ. ನೀವು ನಾಲ್ಕನೆಯ ತಿಂಗಳಲ್ಲಿದ್ದೀರಿ. ನಾಟಕದ ಮೊದಲ ಅಂಕಕ್ಕೇ ಎದ್ದು ಹೋಗುತ್ತಿದ್ದೀರಿ. ವರ್ಷ ಕಳೆದರೂ ಜಾಸ್ತಿ ಸೋರುತ್ತಿದ್ದರೆ ಅದಕ್ಕೂ ಆಪರೇಷನ್ ಇದೆ. ಮೂತ್ರನಾಳಕ್ಕೆ ಆಸರೆಯಾಗಿ ಪಟ್ಟಿ ಹಾಕುತ್ತಾರೆ. ಇಲ್ಲವೇ ಸುತ್ತಲೂ ನೀರು ತುಂಬಿದ ಸಣ್ಣ ಉಂಗುರ ಕೂರಿಸಿ, ವೃಷಣದ ಚೀಲದೊಳಗೆ ಒಂದು ಪಂಪ್ ಇಡುತ್ತಾರೆ. ಒತ್ತಿದರೆ ಉಂಗುರ ಸಡಿಲವಾಗುತ್ತದೆ, ಮೂತ್ರ ಮಾಡಿದ ಮೇಲೆ ತಾನಾಗಿ ಬಿಗಿಯುತ್ತದೆ. ಖರ್ಚಿನ ಕೆಲಸ. ಈಗ ಅದರ ಯೋಚನೆ ಬೇಡ.

ಈಗ ಮಾಡಬೇಕಾದದ್ದು ಕೆಳಗಿನ ವಾಚ್‌ಮನ್‌ಗೆ ವ್ಯಾಯಾಮ. ಕೆಗೆಲ್ ಎಂದು ಹೆಸರು. ನಿಮ್ಮ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟಿದ್ದರಂತೆ, ಅದರಲ್ಲಿ ಹೆಂಗಸಿನ ಚಿತ್ರ ಇತ್ತು ಎಂದು ಬಿಸಾಡಿದಿರಂತೆ. ಬಿಸಾಡಬಾರದಿತ್ತು. ನಾಲ್ಕು ಜನರ ನಡುವೆ ಕೂತಾಗ ಹೊಟ್ಟೆಯ ಗಾಳಿ ಬಂದರೆ ಹೇಗೆ ಬಿಗಿಹಿಡಿಯುತ್ತೀರಿ? ಆ ಬಿಗಿತ ಮುಂದಿನ ಕಡೆಗೂ ಬರಬೇಕು, ಶಿಶ್ನವನ್ನು ಒಳಗೆ ಎಳೆದುಕೊಂಡ ಹಾಗೆ. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು. ಉಸಿರು ಕಟ್ಟಬಾರದು. ಐದು ಎಣಿಸುವವರೆಗೆ ಬಿಗಿ, ಐದು ಎಣಿಸುವವರೆಗೆ ಸಡಿಲ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಸಡಿಲ ಬಿಡುವುದೂ ವ್ಯಾಯಾಮವೇ, ಅದನ್ನು ನುಂಗಬೇಡಿ. ಮೂತ್ರ ಮಾಡುತ್ತಿರುವಾಗ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಒಂದು ಉಪಾಯ ಮಾತ್ರ ಬೇಗ ಫಲ ಕೊಡುತ್ತದೆ: ಕೆಮ್ಮು ಬರುವ ಮುಂಚೆ, ಕುರ್ಚಿಯಿಂದ ಏಳುವ ಮುಂಚೆ ಒಮ್ಮೆ ಬಿಗಿದುಕೊಳ್ಳಿ. ಬಿಗಿದು ಏಳಿ. ಸರಿಯಾದ ಸ್ನಾಯು ಸಿಗುತ್ತಿಲ್ಲ ಎನಿಸಿದರೆ ಇದನ್ನು ಕಲಿಸುವ ಫಿಸಿಯೋಥೆರಪಿಸ್ಟ್‌ಗಳು ಇದ್ದಾರೆ, ನಿಮ್ಮ ಡಾಕ್ಟರಲ್ಲಿ ಚೀಟಿ ಕೇಳಿ.

ಈಗ ಪ್ಯಾಡ್. ಅದಕ್ಕೂ ಮುಂಚೆ ತಕ್ಕಡಿ. ತಮಾಷೆಯಲ್ಲ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಅಡುಗೆಮನೆಯದ್ದು ಬೇಡ, ಬೇರೆ ತನ್ನಿ, ನಿಮ್ಮ ಮನೆಯವರ ಶಾಪ ನನಗೆ ತಟ್ಟುವುದು ಬೇಡ. ಒಣ ಪ್ಯಾಡನ್ನು ಪ್ಲಾಸ್ಟಿಕ್ ಕವರ್ ಸಮೇತ ತೂಗಿ ಬರೆದಿಡಿ. ಬದಲಿಸಿದ್ದನ್ನು ಅಂಥದ್ದೇ ಕವರ್‌ನಲ್ಲಿ ಕಟ್ಟಿ ತೂಗಿ. ಜಾಸ್ತಿಯಾದ ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಇಪ್ಪತ್ನಾಲ್ಕು ಗಂಟೆಯದ್ದನ್ನು ಕೂಡಿಸಿ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಎರಡು ಲಾಭ. ಎಷ್ಟು ದೊಡ್ಡ ಪ್ಯಾಡ್ ಬೇಕು ಎಂಬುದು ಊಹೆಯಲ್ಲ, ಲೆಕ್ಕ. ಮತ್ತೆ, ಡಾಕ್ಟರ ಮುಂದೆ "ತುಂಬಾ ಸೋರುತ್ತದೆ" ಎಂದರೆ ಅವರು ಮುಂದಿನ ರೋಗಿಯನ್ನು ಕರೆಯುತ್ತಾರೆ. "ದಿನಕ್ಕೆ 180 ಗ್ರಾಂ ಇದ್ದದ್ದು 120 ಆಗಿದೆ" ಎಂದರೆ ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಹೆಂಗಸರ ಮುಟ್ಟಿನ ಪ್ಯಾಡ್ ನಿಮಗೆ ಯಾಕೆ ಸಾಲುತ್ತಿಲ್ಲ ಗೊತ್ತೇ? ಅದು ನಿಧಾನವಾಗಿ ಬರುವ ರಕ್ತಕ್ಕೆ ಮಾಡಿದ್ದು. ಮೂತ್ರ ನೀರಿನ ಹಾಗೆ ಒಮ್ಮೆಲೇ ಬರುತ್ತದೆ. ಬೀಳುವ ಜಾಗವೂ ಬೇರೆ, ಗಂಡಸರಿಗೆ ಮುಂದಕ್ಕೆ. ಮೂತ್ರಕ್ಕೆಂದೇ ಮಾಡಿದ ಪ್ಯಾಡ್‌ನ ಹೊಟ್ಟೆಯಲ್ಲಿ ಸಕ್ಕರೆ ಹರಳಿನಂಥ ಪುಡಿ ಜಾಸ್ತಿ ಇರುತ್ತದೆ, ಸೋಡಿಯಂ ಪಾಲಿಅಕ್ರಿಲೇಟ್ ಅಂತ. ದ್ರವ ಕುಡಿದು ಸಬ್ಬಕ್ಕಿಯ ಗಂಜಿಯ ಹಾಗೆ ಗಟ್ಟಿಯಾಗುತ್ತದೆ, ಮೇಲೆ ಕೂತರೂ ವಾಪಸ್ ಬರುವುದು ಕಡಿಮೆ.

ನಿಮ್ಮ ಕಾಗದ ಬಂದ ಮೇಲೆ ನಾನೇ ನಮ್ಮ ಗಲ್ಲಿಯ ಮೆಡಿಕಲ್‌ಗೆ ಹೋದೆ. ಹುಡುಗ "ಪಪ್ಪಾ ಕೇ ಲಿಯೇ?" ಎಂದು ಕೇಳಿದ. ಹೌದು ಎಂದೆ. ನಮ್ಮ ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷವಾಯಿತು. ಸೊಸೆಗೆ ಎಂದು ನೀವು ಹೇಳಿದ ಸುಳ್ಳಿಗೆ ನಗುವ ಹಕ್ಕು ಆ ಕ್ಷಣಕ್ಕೆ ನನ್ನಿಂದ ಹೋಯಿತು.

ಮೂರು ಬಗೆ ತಂದೆ. ಬಚ್ಚಲಲ್ಲಿ ಔಷಧಿ ಬಾಟಲಿಯ ಅಳತೆ ಮುಚ್ಚಳದಿಂದ ನೀರು ಹಾಕಿ ನೋಡಿದೆ. ಮೊದಲನೆಯದು ಗಂಡಸರ ಗಾರ್ಡ್. ಬಟ್ಟಲಿನ ಆಕಾರ, ಹಿಂದೆ ಅಂಟು. ಬಿಗಿಯಾದ ಒಳಚಡ್ಡಿಯ ಮುಂಭಾಗಕ್ಕೆ ಅಂಟಿಸಬೇಕು. ಸಡಿಲವಾದ ಪಟ್ಟೆಪಟ್ಟೆ ಚಡ್ಡಿ, ಲುಂಗಿ ಇವಕ್ಕೆಲ್ಲ ನಿಲ್ಲದು. ಕೆಮ್ಮಿದಾಗ ಒಂದೆರಡು ಚಮಚ ಎನ್ನುವವರಿಗೆ ಇದೇ ಸಾಕು, ಪ್ಯಾಂಟಿನ ಮೇಲೆ ಕಾಣುವುದಿಲ್ಲ. ಸಣ್ಣ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಎರಡನೆಯದು ಚಡ್ಡಿಯ ಹಾಗೆಯೇ ಕಾಲು ತೂರಿಸಿ ಏರಿಸುವ ಪುಲ್‌ಅಪ್ ಪ್ಯಾಂಟ್. ಫ್ರೆಂಡ್ಸ್, ಲೈಫ್ರೀ ಎಂದೆಲ್ಲ ಹೆಸರು ಹೇಳಿದರೆ ಕೊಡುತ್ತಾರೆ. ಬದಿಯ ಹೊಲಿಗೆ ಹರಿದು ತೆಗೆಯಬಹುದು, ಪ್ಯಾಂಟು ಪೂರ್ತಿ ಏರಿಸಿ ಇಳಿಸುವ ಸರ್ಕಸ್ ಸ್ವಲ್ಪ ಕಡಿಮೆ. ಮೂರನೆಯದು ಪಕ್ಕದಲ್ಲಿ ಟೇಪ್ ಇರುವ ಡೈಪರ್. ಅದು ಹಾಸಿಗೆ ಹಿಡಿದವರಿಗೆ, ಬೇರೆಯವರು ಹಾಕುವುದಕ್ಕೆ. ನಡೆದಾಡುವ ನಿಮಗೆ ಅದು ಬೇಡವೇ ಬೇಡ. ನನಗಂತೂ ಆ ಟೇಪಿನ ಚರಚರ ಸದ್ದೇ ಹಿಡಿಸಲಿಲ್ಲ.

ಪ್ಯಾಕೆಟ್ ಮೇಲಿನ "ಇಷ್ಟು ಗಂಟೆ", "ಇಷ್ಟು ಮಿಲಿ" ಎಂಬ ಮಾತನ್ನು ಅಷ್ಟಕ್ಕಷ್ಟೇ ನಂಬಿ. ಬಚ್ಚಲ ಕಲ್ಲಿನ ಮೇಲೆ ಕುಡಿದಷ್ಟನ್ನು ಅದು ಲೋಕಲ್ ರೈಲಿನ ಸೀಟಿನಲ್ಲಿ, ನಿಮ್ಮ ಭಾರದ ಕೆಳಗೆ ಕುಡಿಯುವುದಿಲ್ಲ. ಅಳತೆ ಕೊಳ್ಳುವಾಗ ಪ್ಯಾಂಟಿನ ನಂಬರ್ ಹೇಳಬೇಡಿ. ಟೇಪಿನಿಂದ ಸೊಂಟ ಒಮ್ಮೆ, ಕುಂಡೆಯ ಸುತ್ತ ಒಮ್ಮೆ ಅಳೆಯಿರಿ, ದೊಡ್ಡದು ಲೆಕ್ಕ. ಸೈಜು ದೊಡ್ಡದಾದರೆ ಹೆಚ್ಚು ಕುಡಿಯುತ್ತದೆ ಎಂದು ತಿಳಿದು ಎಕ್ಸ್ಎಲ್ ತರುವವರಿದ್ದಾರೆ. ತೊಡೆಯ ಸಂದಿಯಲ್ಲಿ ಜಾಗ ಬಿಟ್ಟು ಅಲ್ಲಿಂದಲೇ ಸೋರುತ್ತದೆ. ಮೊದಲು ಚಿಕ್ಕ ಪ್ಯಾಕೆಟ್ ತನ್ನಿ. ಇನ್ನೊಂದು ಮಾತು: ಹಾಕುವಾಗ ಶಿಶ್ನ ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಸೊಂಟದ ಪಟ್ಟಿಯಿಂದ ಹೊರಗೆ ಬಂದು ಶರ್ಟು ಒದ್ದೆ. ಇದನ್ನು ಯಾವ ಪ್ಯಾಕೆಟ್ ಮೇಲೂ ನಾನು ನೋಡಲಿಲ್ಲ.

ಸೋರುವುದು ಒಂದೆರಡು ಚಮಚಕ್ಕೆ ಇಳಿದ ಮೇಲೆ ಒಗೆದು ಹಾಕುವ ಒಳಚಡ್ಡಿಯೂ ಉಂಟು, ಮುಂದೆ ಹೀರುವ ಪದರ ಹೊಲಿದಿರುತ್ತಾರೆ. ವರ್ಷದ ಲೆಕ್ಕದಲ್ಲಿ ಅಗ್ಗ. ಆದರೆ ಜುಲೈ ತಿಂಗಳಲ್ಲಿ ಡೊಂಬಿವಲಿಯ ಬಾಲ್ಕನಿಯಲ್ಲಿ ಅದನ್ನು ಒಣಗಿಸುವುದು ಹೇಗೆ ಎಂದು ಮೊದಲು ಯೋಚಿಸಿ.

ಚರ್ಮದ ಬಗ್ಗೆ. ನಮ್ಮ ಊರಿನ ಸೆಕೆಗೆ ಒದ್ದೆ ಪ್ಯಾಡ್ ಸೇರಿದರೆ ತೊಡೆ ಸಂದಿ ಕೆಂಪಾಗಲು ಎರಡು ದಿನ ಸಾಕು. ಬದಲಿಸುವಾಗ ನೀರಿನಿಂದ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಪೌಡರ್ ಬೇಡ, ಒದ್ದೆಯಾಗಿ ಮುದ್ದೆ ಕಟ್ಟುತ್ತದೆ. ಜಿಂಕ್ ಆಕ್ಸೈಡ್ ಇರುವ ಕ್ರೀಮ್ ತೆಳುವಾಗಿ ಹಚ್ಚಿ. ದಪ್ಪ ಬಳಿದರೆ ಪ್ಯಾಡ್ ಹೀರುವುದಿಲ್ಲ. ತುರಿಕೆ ಬಂತೆಂದು ಮೆಡಿಕಲ್‌ನವನು ಕೊಟ್ಟ ಸ್ಟಿರಾಯ್ಡ್ ಬೆರೆತ ಮುಲಾಮು ಮಾತ್ರ ಹಚ್ಚಬೇಡಿ, ಹುಳುಕಡ್ಡಿ ಇದ್ದರೆ ಅದು ಹರಡುತ್ತದೆ.

ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ ಎಂದಿದ್ದೀರಿ. ಇಲ್ಲಿ ನನಗೆ ಸಿಟ್ಟು ಬಂತು. ನಮ್ಮ ಅಪ್ಪ ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು. ಕೊನೆಯ ವರ್ಷಗಳಲ್ಲಿ ಅವರಿಗೂ ಸೋರುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅಮ್ಮ ಹಳೆ ಪಂಚೆ ಮಡಿಸಿ ಇಡುತ್ತಿದ್ದಳು, ನಾನು ಊದುಬತ್ತಿ ಹಚ್ಚುತ್ತಿದ್ದೆ. ಅಪ್ಪ ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಮೂತ್ರ ಗಟ್ಟಿಯಾಗಿ, ಸೋಂಕಾಗಿ, ಜ್ವರ ಏರಿ ಆಸ್ಪತ್ರೆ ಸೇರಿದರು. ಮೂತ್ರ ಗಟ್ಟಿಯಾದರೆ ವಾಸನೆ ಜಾಸ್ತಿ, ಚೀಲಕ್ಕೆ ಉರಿಯೂ ಜಾಸ್ತಿ. ಹಗಲು ಸರಿಯಾಗಿ ಕುಡಿಯಿರಿ. ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ. ಕಡಿಮೆ ಮಾಡುವುದಿದ್ದರೆ ದಿನಕ್ಕೆ ಐದು ಕಪ್ ಚಹಾ ಎಂದು ಬರೆದಿದ್ದೀರಲ್ಲ, ಅದನ್ನು ಎರಡಕ್ಕೆ ಇಳಿಸಿ. ಮಲಬದ್ಧತೆ ಇದ್ದರೆ ಅದನ್ನೂ ಸರಿಮಾಡಿಕೊಳ್ಳಿ, ತಿಣುಕಿದಾಗಲೆಲ್ಲ ಕೆಳಗಿನ ವಾಚ್‌ಮನ್‌ಗೇ ಪೆಟ್ಟು.

ಇದನ್ನು ಓದುತ್ತಿರುವ ಬೇರೆ ಹಿರಿಯರಿಗೆ ಒಂದು ಮಾತು. ಆಪರೇಷನ್ ಆಗದೆ ಸೋರುತ್ತಿದ್ದರೆ ಪ್ಯಾಡ್ ತಂದು ಸುಮ್ಮನಾಗಬೇಡಿ. ಧಾರೆ ಸಣ್ಣಗಾಗಿ, ಪೂರ್ತಿ ಹೋಗಲಿಲ್ಲ ಎನಿಸಿ, ಹಗಲೂ ರಾತ್ರಿ ತೊಟ್ಟಿಕ್ಕುತ್ತಿದ್ದರೆ ಅದು ತುಂಬಿ ಚೆಲ್ಲುವ ಕೊಡ. ಒಳಗೆ ಮೂತ್ರ ನಿಂತು ಕಿಡ್ನಿಗೆ ಪೆಟ್ಟಾಗಬಹುದು. ಪ್ರಾಸ್ಟೇಟ್ ದೊಡ್ಡದಾದವರಿಗೆ ನೆಗಡಿಯ ಕೆಲವು ಮಾತ್ರೆಗಳಿಂದಲೂ ಮೂತ್ರ ಪೂರ್ತಿ ಕಟ್ಟಿಬಿಡುವುದುಂಟು. ರಕ್ತ, ಜ್ವರ, ಉರಿ, ಕಾಲು ಜೋಮು, ಇಲ್ಲವೇ ಮೂತ್ರವೇ ಬಾರದಿರುವುದು ಇವು ಯಾವುದಾದರೂ ಬಂದರೆ ಅವತ್ತೇ ಡಾಕ್ಟರು.

ಹೆಂಡತಿಗೆ ಹೇಳಿಲ್ಲ ಎಂದಿರಿ. ಒಂದೇ ಬಾತ್‌ರೂಮಿನ ಮನೆ, ಬಟ್ಟೆ ಒಗೆಯುವುದು ಅವರು. ನಾಲ್ಕು ತಿಂಗಳಿಂದ ಅವರಿಗೆ ಗೊತ್ತಿಲ್ಲ ಎಂದು ನೀವು ನಂಬಿದ್ದೀರಿ, ಅಲ್ವಾ? ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಸೀನಿದರೆ ಸೋರುವುದು ವರ್ಷಗಟ್ಟಲೆ ಇರುತ್ತದೆ, ಯಾರಿಗೂ ಹೇಳದೆ. ಕೇಳಿ ನೋಡಿ. ಪ್ಯಾಡ್ ಬಗ್ಗೆ ನನಗಿಂತ ಚೆನ್ನಾಗಿ ಅವರೇ ಹೇಳಿಯಾರು. ಪೂಜೆಯ ವಿಚಾರ ನಿಮ್ಮ ಮನೆಯ ಪುರೋಹಿತರನ್ನು ಕೇಳಿ. ನನ್ನನ್ನು ಕೇಳಿದರೆ, ಸ್ನಾನ ಮಾಡಿ ಹೊಸ ಪ್ಯಾಡ್ ಹಾಕಿ ಕೂತವನ ಮಡಿಗೆ ಏನೂ ಕೊರತೆಯಿಲ್ಲ.

ಇನ್ನು ರೈಲು. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಸ್ಲೋ ಗಾಡಿ ಒಂದು ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ, ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಹೊರಡುವ ಮುಂಚೆ ಹೋಗಿ ಬನ್ನಿ, ಹೊಸ ಪ್ಯಾಡ್ ಹಾಕಿ, ಕಡುಬಣ್ಣದ ಪ್ಯಾಂಟು ತೊಡಿ. ಜನ ಕಡಿಮೆ ಇರುವ ಹೊತ್ತು ನೋಡಿ ಹತ್ತಿ. ಕೈಚೀಲದಲ್ಲಿ ಎರಡು ಪ್ಯಾಡ್, ಒಂದು ಒಳಚಡ್ಡಿ, ಹಳೆ ಪೇಪರು, ಜಿಪ್ ಇರುವ ಕವರು.

ನಿಮ್ಮ ಮೂರನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಹೆಂಗಸರ ಶೌಚಾಲಯದಲ್ಲಿ ಬುಟ್ಟಿ ಇರುತ್ತದೆ, ಗಂಡಸರ ಕಡೆ ಇರುವುದಿಲ್ಲ. ನಾನು ಇದನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಕಮೋಡಿಗೆ ಹಾಕಿದರೆ ಆ ಪುಡಿ ಊದಿ ಪೈಪು ಕಟ್ಟುತ್ತದೆ. ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಕವರಿಗೆ ಹಾಕಿ ಮನೆಗೆ ತನ್ನಿ. ಮನೆಯಲ್ಲಿ ಬೇರೆಯಾಗಿ ಕಟ್ಟಿ ಕಸದವರಿಗೆ ಹೇಳಿ ಕೊಡಿ. ಹೀಗೆ ಸುತ್ತಿ ಕೊಡಬೇಕೆಂದು ಘನತ್ಯಾಜ್ಯ ನಿಯಮವೂ ಹೇಳುತ್ತದೆ. ಬಿಚ್ಚಿ ವಿಂಗಡಿಸುವ ಕೈ ನಮ್ಮ ನಿಮ್ಮಂಥ ಮನುಷ್ಯರದ್ದೇ.

ನಮ್ಮ ಪತ್ರಿಕೆಯ ವಾರ್ಷಿಕ ಕೂಟ ನಡೆಯುವ ಸಭಾಂಗಣದ ಮ್ಯಾನೇಜರರ ಹತ್ತಿರ ಹೋಗಿದ್ದೆ. ಗಂಡಸರ ಶೌಚಾಲಯಕ್ಕೆ ಮುಚ್ಚಳದ ಬುಟ್ಟಿ ಬೇಕು ಎಂದೆ. "ಯಾಕೆ?" ಎಂದರು. ಈ ಸಲ ಅಪ್ಪನ ಹೆಸರು ಹೇಳಲಿಲ್ಲ. ನಮ್ಮ ವಯಸ್ಸಿನವರಿಗೆ ಬೇಕಾಗುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಇಡಿಸುತ್ತೇನೆ ಎಂದರು. ಬುಟ್ಟಿ ಎಡಗಡೆಯ ಬಾಗಿಲಲ್ಲಿ. ನಾಲ್ಕನೆಯ ಸಾಲಿನ ತುದಿಯ ಕುರ್ಚಿಯಿಂದ ಅಲ್ಲಿಗೆ ಹದಿನೆಂಟು ಹೆಜ್ಜೆ, ನಡೆದು ನೋಡಿದ್ದೇನೆ.